ಕಂಬ ಬಿದ್ದ ವರ್ಷ

ಬೂಟಿನ ಅಡಿಗೆ ನೆಲ ಕಚ್ಚಿ ಹಿಡಿಯುವ ಮೊಳೆಯಂಥ ಸ್ಟಡ್‌ಗಳನ್ನು ಒಂದೊಂದಾಗಿ ಇಟ್ಟು ಸ್ಪ್ಯಾನರಿನಿಂದ ತಿರುಗಿಸುವಾಗ ಕಿಟ್ ಮಾಮ ಪ್ರತಿಯೊಂದಕ್ಕೂ ಒಂದೇ ಮಾತು ಹೇಳುತ್ತಿದ್ದ: "ನಿಲ್ಲು." ಬೂಟಿಗೆ ಆರು ಸ್ಟಡ್, ಜೋಡಿಗೆ ಹನ್ನೆರಡು, ಹನ್ನೊಂದು ಆಟಗಾರರಿಗೆ ನೂರ ಮೂವತ್ತೆರಡು ಸಲ ನಿಲ್ಲು, ನಿಲ್ಲು, ನಿಲ್ಲು. ಯಾರೂ ಹೇಳಿಕೊಟ್ಟದ್ದಲ್ಲ. ದೇವರ ಹೆಸರಿಗೆ ಒಗ್ಗಿಹೋದ ನಾಲಗೆ ಕೆಲಸದ ಹೊತ್ತಿನಲ್ಲಿ ಸುಮ್ಮನಿರಲಾರದೆ ತಾನೇ ಹುಡುಕಿಕೊಂಡ ಜಪ ಅದು. ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಹದಿನೆಂಟು ತಂಡಗಳು. ವರ್ಷವೂ ಹದಿಮೂರೋ ಹದಿನಾಲ್ಕೋ ಎಂಬ ಜಾಗದಲ್ಲಿ ಉಸಿರು ಬಿಗಿಹಿಡಿದು ಬದುಕುವ ಒಂದು ತಂಡಕ್ಕೆ ಅವನು ಇಪ್ಪತ್ತೊಂದು ವರ್ಷದಿಂದ ಜೆರ್ಸಿ ಒಗೆದು, ಮಡಿಸಿ, ಬೂಟು ಸಿದ್ಧ ಮಾಡಿ ಕೊಡುತ್ತಿದ್ದ.

ಮ್ಯಾಚಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಇಳಿಯುತ್ತಿದ್ದವರು ಇಬ್ಬರೇ. ಒಬ್ಬ ಮಾಮ, ಇನ್ನೊಬ್ಬ ಮೈದಾನದ ಹುಲ್ಲು ನೋಡಿಕೊಳ್ಳುವ ಹುಲ್ಲಣ್ಣ. ಮಾಮ ಗೋಲಿನ ಮುಂದೆ ಮಂಡಿಯೂರಿ ಹೆಬ್ಬೆರಳನ್ನು ನೆಲಕ್ಕೆ ಒತ್ತುತ್ತಿದ್ದ. ಬೆರಳು ಉಗುರಿನ ತನಕ ಇಳಿದರೆ ಚಿಕ್ಕ ಸ್ಟಡ್, ಗೆಣ್ಣಿನ ತನಕ ಇಳಿದರೆ ಉದ್ದದ್ದು; ಒದ್ದೆ ನೆಲದಲ್ಲಿ ಚಿಕ್ಕದು ಜಾರುತ್ತದೆ.

"ಮೆತ್ತಗೆ ಒತ್ತೋ. ನನ್ನ ಹುಲ್ಲಿಗೆ ನೋವಾಗುತ್ತೆ," ಎನ್ನುತ್ತಿದ್ದ ಹುಲ್ಲಣ್ಣ.

"ನಿನ್ನ ತಲೆಗಿಂತ ದಟ್ಟವಾಗಿದೆ, ಏನೂ ಆಗಲ್ಲ ಸುಮ್ನಿರು."

ಕೆಲಸದಲ್ಲಿ ಮಾಮನ ಕಡೆ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಅವನ ಸಂಕಟ ಬೇರೆ ಇತ್ತು. ಅದು ಮೈದಾನದ ಅಂಚಿನಲ್ಲಿ, ಬೆಂಚಿನ ಮೇಲೆ ಕೂತಿರುತ್ತಿತ್ತು.

ಅವನ ಒಬ್ಬನೇ ಮಗ ಅದೇ ತಂಡದ ಎರಡನೇ ಗೋಲ್‌ಕೀಪರ್. ಎರಡನೇ ಗೋಲ್‌ಕೀಪರ್ ಎಂದರೆ ಮ್ಯಾಚಿಗೆ ಮುಂಚೆ ಮೊದಲನೆಯವನ ಕೈಗೆ ಚೆಂಡು ಒದ್ದು ಒದ್ದು ಅವನ ಮೈ ಬಿಸಿ ಮಾಡಿ, ಆಮೇಲೆ ತಾನು ತಣ್ಣಗೆ ಕೂರುವವನು. ಬೇರೆ ಆಟಗಾರರಾದರೆ ಯಾರೋ ದಣಿದಾಗ, ಯಾರೋ ಕುಂಟಿದಾಗ ಹತ್ತು ನಿಮಿಷಕ್ಕಾದರೂ ಒಳಗೆ ಹೋಗುತ್ತಾರೆ. ಗೋಲ್‌ಕೀಪರ್ ದಣಿಯುವುದಿಲ್ಲ. ನಾಲ್ಕು ವರ್ಷ, ನೂರಕ್ಕೂ ಮಿಕ್ಕಿ ಮ್ಯಾಚು, ಮಗ ಲೀಗಿನಲ್ಲಿ ಒಂದು ನಿಮಿಷವೂ ಆಡಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ತಂಡದವರಿಗೆ ಮರೆತೇ ಹೋಗಿ, ಎಲ್ಲರ ಬಾಯಲ್ಲೂ ಅವನು ಬೆಂಚು.

ಮೊದಲನೆಯವನು ಕಂಬ. ಗೋಲಿನ ಎರಡು ಕಂಬಗಳ ನಡುವೆ ಮೂರನೆಯದು ನೆಟ್ಟ ಹಾಗೆ ಎತ್ತರ, ಅಷ್ಟೇ ಗಟ್ಟಿ. ಒಂಬತ್ತು ವರ್ಷದಲ್ಲಿ ಒಂದು ನೆಗಡಿಗೂ ಮ್ಯಾಚು ತಪ್ಪಿಸಿದವನಲ್ಲ. "ಬೆಂಚು, ಸೀಟು ಬಿಸಿ ಮಾಡಿಡಪ್ಪಾ, ಚಳಿ ಇದೆ," ಎಂದು ಮೈದಾನಕ್ಕೆ ಹೋಗುವ ಮುಂಚೆ ಪ್ರತಿ ಸಲವೂ ಮಗನ ತಲೆ ಸವರಿ ಹೋಗುತ್ತಿದ್ದ. ಉಳಿದವರು ನಗುತ್ತಿದ್ದರು, ಮಗನೂ ನಗುತ್ತಿದ್ದ. ಆ ನಗುವನ್ನೂ ನಾಲ್ಕು ವರ್ಷ ಅಭ್ಯಾಸ ಮಾಡಿದ್ದ. ಆದರೆ ಅದೇ ಕಂಬ ಮಾಮನ ಎದುರು ಬಂದರೆ ಕೂಸು. ತನ್ನ ಬೂಟನ್ನು ಬೇರೆ ಯಾರೂ ಮುಟ್ಟಬಾರದು, ಮಾಮನ ಕೈಯೇ ಆಗಬೇಕು. "ನನ್ನ ಕಾಲು ನಿಮ್ಮ ಕೈಲಿದೆ ಮಾಮ. ನಾನು ಚೆಂಡು ನೋಡ್ಕೊಳ್ತೀನಿ, ಕೆಳಗಡೆದು ನೀವು ನೋಡ್ಕೊಳ್ಳಿ."

ಸೀಸನ್ ಶುರುವಾಗುವ ವಾರ ಕೋಚ್ ತಾನೇ ಕಿಟ್ ರೂಮಿಗೆ ಬಂದ. ಎರಡು ವಾಷಿಂಗ್ ಮಷೀನು ಗುಡುಗುಡು ಎನ್ನುತ್ತಿದ್ದವು. ಒಂದನ್ನು ನಿಲ್ಲಿಸಲು ಹೇಳಿ, ಒದ್ದೆ ಸಾಕ್ಸಿನ ಬುಟ್ಟಿಯ ಪಕ್ಕ ನಿಂತುಕೊಂಡೇ ಮಾತಾಡಿದ.

"ನಿಮ್ಮ ಮುಖ ನೋಡಿ ನಾಲ್ಕು ವರ್ಷ ಇಟ್ಕೊಂಡೆ ಮಾಮ. ಇಪ್ಪತ್ತೇಳಾಯ್ತು ಅವನಿಗೆ. ಈ ಸೀಸನ್ನಲ್ಲಿ ಒಂದು ಮ್ಯಾಚಾದ್ರೂ ಆಡದೇ ಇದ್ರೆ ಬಿಟ್ಟುಬಿಡ್ತೀನಿ. ಒಂದೂ ಆಡದ ಗೋಲ್‌ಕೀಪರನ್ನ ಬೇರೆ ಯಾರೂ ಮೂಸಿ ನೋಡಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ."

"ಆಡಿಸೋರು ನೀವೇ ಅಲ್ವಾ ಸಾರ್."

"ಕಂಬ ಬಿದ್ರೆ ಆಡಿಸ್ತೀನಿ." ಕೋಚ್ ನಕ್ಕ. "ಕಂಬ ಯಾವತ್ತು ಬಿದ್ದಿದೆ, ನೀವೇ ಹೇಳಿ."

ಮಾಮನೂ ನಕ್ಕ. ನಗದಿದ್ದರೆ ಮನಸ್ಸಿನಲ್ಲಿರುವುದು ಮುಖಕ್ಕೆ ಬಂದೀತೆಂದು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕ.

ಮೂವತ್ತನಾಲ್ಕು ಮ್ಯಾಚಿನ ಸೀಸನ್. ಒಂದೊಂದು ವಾರವೂ ಒಂದೊಂದು ಮೆಟ್ಟಿಲು ಕಳಚಿದ ಹಾಗೆ ಕಳೆಯಿತು. ಮನೆಯಲ್ಲಿ ಮಾಮನ ಹೆಂಡತಿ ಟೀವಿಯ ಮುಂದೆ ಕೂತು, ಚೆಂಡು ಎಲ್ಲಿ ಹೋಯಿತೆಂದು ನೋಡದೆ, ಕ್ಯಾಮೆರಾ ಯಾವಾಗ ಬೆಂಚಿನ ಕಡೆ ತಿರುಗೀತೆಂದು ಕಾಯುತ್ತಿದ್ದಳು. "ಇವತ್ತು ಎರಡು ಸಲ ತೋರಿಸಿದ್ರು ರೀ. ಒಂದರಲ್ಲಿ ಆಕಳಿಸ್ತಿದ್ದ. ನೀವಾದ್ರೂ ಹೇಳಬಾರದಾ, ಕ್ಯಾಮೆರಾ ಬಂದಾಗ ಬಾಯಿ ಮುಚ್ಕೊಳ್ಳೋ ಅಂತ."

ಮಾಮ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೈ ಮುಗಿಯುವವನು. ಮೊದಮೊದಲು, ಮಗನಿಗೊಂದು ದಾರಿ ತೋರಿಸು ದೇವರೇ, ಎಂದು ಬೇಡಿದ. ಹತ್ತನೆಯ ಮ್ಯಾಚಿನ ಹೊತ್ತಿಗೆ, ಕಂಬನಿಗೊಂದು ಜ್ವರವಾದರೂ ಬರಲಿ, ಎಂದು ಬೇಡಿದ. ಹದಿನೈದನೆಯದಕ್ಕೆ, ಬೆರಳೊಂದು ಉಳುಕಲಿ, ಸಣ್ಣ ಬೆರಳಾದರೂ ಸಾಕು, ಎಂದ. ಹದಿನೆಂಟನೆಯದಕ್ಕೆ ಬೇಡಿಕೊಂಡದ್ದನ್ನು ಹೆಂಡತಿ ಪಕ್ಕದಲ್ಲಿದ್ದಾಳೆಂದು ಮನಸ್ಸಿನಲ್ಲೂ ಪೂರ್ತಿ ಹೇಳದೆ ಅರ್ಧಕ್ಕೆ ನುಂಗಿದ. ದೇವರು ಅರ್ಧ ಕೇಳಿದರೂ ಸಾಕಲ್ಲ ಎಂದುಕೊಂಡ.

ಇಪ್ಪತ್ತೊಂದನೆಯ ಮ್ಯಾಚಿನಲ್ಲಿ ಒಂದು ಪವಾಡವೇ ಆಯಿತು. ಇವರ ತಂಡ ನಾಲ್ಕು ಗೋಲು ಹೊಡೆದಿತ್ತು, ಎದುರಾಳಿ ಸೊನ್ನೆ. ಇನ್ನು ಹತ್ತೇ ನಿಮಿಷ. ಕೋಚ್ ಹಿಂದಕ್ಕೆ ತಿರುಗಿ ಮಗನಿಗೆ ಸನ್ನೆ ಮಾಡಿದ. ಮಗ ಜಾಕೆಟ್ ತೆಗೆದ, ಗ್ಲೌಸ್ ಹಾಕಿಕೊಂಡ, ಗೆರೆಯ ಪಕ್ಕ ಬಂದು ನಿಂತ. ನಾಲ್ಕನೇ ರೆಫರಿ ನಂಬರಿನ ಹಲಗೆಯನ್ನು ಕೈಗೆತ್ತಿಕೊಂಡೂ ಆಯಿತು. ಗೋಲಿನ ಮುಂದಿನಿಂದಲೇ ಕಂಬ ಬೆರಳಾಡಿಸಿ ಬೇಡ ಎಂದ. ಇವತ್ತು ಒಂದೂ ಗೋಲು ಬಿಟ್ಟಿಲ್ಲ, ಪೂರ್ತಿ ನಾನೇ ಆಡುತ್ತೇನೆ ಎಂದು ಎದೆ ಮುಟ್ಟಿಕೊಂಡು ತೋರಿಸಿದ. ಕೋಚ್ ಭುಜ ಕುಣಿಸಿ ಮಗನನ್ನು ವಾಪಸ್ ಕೂರಿಸಿದ. ಜನ ಗೊಳ್ಳೆಂದು ನಕ್ಕರು. ಮಗ ಗ್ಲೌಸ್ ಬಿಚ್ಚಲಿಲ್ಲ. ಅದೇ ಗ್ಲೌಸಿನ ಕೈಯಲ್ಲಿ ಜಾಕೆಟ್ಟಿನ ಜಿಪ್ ಎಳೆಯಲು ಹೋಗಿ ಆಗದೆ, ಹಾಗೇ ಕೈ ಕೆಳಗಿಟ್ಟು ಕೂತ. ಮಾಮ ದೂರದಿಂದ ಆ ಜಿಪ್ಪನ್ನೇ ನೋಡಿದ.

ಆವತ್ತು ಬಟ್ಟೆ ಒಗೆಯುವಾಗ ಕಂಬ ಒಳಗೆ ಬಂದು, "ಬೆಂಚು ಬೇಜಾರು ಮಾಡ್ಕೊಂಡ್ನಾ ಮಾಮ? ಮುಂದಿನ ಸಲ ಕೊಡ್ತೀನಿ ಅನ್ನಿ," ಎಂದ, ತಟ್ಟೆಯಲ್ಲಿ ಉಳಿದದ್ದನ್ನು ಕೊಡುವವನ ಹಾಗೆ.

ಇಪ್ಪತ್ತಮೂರನೆಯ ಮ್ಯಾಚಿಗೆ ಮುಂಚೆ ಎರಡು ದಿನ ಬಿಡದೆ ಮಳೆ ಸುರಿಯಿತು. ಬೆಳಿಗ್ಗೆ ಮಾಮನ ಹೆಬ್ಬೆರಳು ಗೆಣ್ಣು ದಾಟಿ ಇಳಿಯಿತು. ಉದ್ದದ್ದೇ, ಎಲ್ಲರಿಗೂ ಉದ್ದದ್ದೇ. ಕಿಟ್ ರೂಮಿಗೆ ಬಂದು ಹತ್ತು ಜೋಡಿ ಮುಗಿಸಿದ. ಕೊನೆಗೆ ಕಂಬನ ಜೋಡಿ ತೊಡೆಯ ಮೇಲಿಟ್ಟುಕೊಂಡ. ಬಲಗಾಲಿನ ಆರೂ ಉದ್ದದ್ದು, ಒಂದೊಂದಕ್ಕೂ ನಿಲ್ಲು. ಎಡಗಾಲಿನ ಮುಂದಿನ ನಾಲ್ಕೂ ಉದ್ದದ್ದು, ನಿಲ್ಲು. ಹಿಮ್ಮಡಿಯ ಎರಡಕ್ಕೆ ಬಂದಾಗ ಕೈ ತಾನಾಗಿ ಪಕ್ಕದ ಡಬ್ಬಿಗೆ ಹೋಯಿತು. ತಾನಾಗಿ ಹೋಯಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ತೆಗೆಯಲು ಎರಡು ಕೈ ಬೇಕಾಯಿತು ಎನ್ನುವುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಚಿಕ್ಕ ಸ್ಟಡ್ ಎರಡು. ಮಾತಿಲ್ಲದೆ ತಿರುಗಿಸಿದ. ಬಿಗಿಯಾಗಿಯೇ ತಿರುಗಿಸಿದ, ಕೆಲಸ ಕೆಡಬಾರದಲ್ಲ. ಒಂದು ಸಲ ಜಾರಲಿ ದೇವರೇ, ಒಂದು ಗೋಲು ಬೀಳಲಿ, ಕೋಚಿಗೆ ಅವನ ಮೇಲೆ ಸಿಟ್ಟು ಬರಲಿ, ಅಷ್ಟೇ ಬೇಡುತ್ತಿದ್ದೇನೆ.

ದೇವರು ಆವತ್ತು ಧಾರಾಳವಾಗಿದ್ದ.

ಹತ್ತನೆಯ ನಿಮಿಷದಲ್ಲಿ ಕಂಬ ಒಮ್ಮೆ ಎಡಗಾಲು ಎತ್ತಿ ಹಿಮ್ಮಡಿ ನೋಡಿಕೊಂಡ, ಕೆಸರು ಮೆತ್ತಿದೆಯೆಂದು ಗೋಲಿನ ಕಂಬಕ್ಕೆ ಬಡಿದ. ಮೂವತ್ತೆಂಟನೆಯ ನಿಮಿಷದಲ್ಲಿ ಎಡಗಡೆಯಿಂದ ಎತ್ತರಕ್ಕೆ ಬಂದ ಚೆಂಡಿಗೆ ಮುಂದೆ ಓಡಿ, ಎಡಗಾಲು ಊರಿ ಎಗರಲು ಹೋದ. ಮೈ ಒಂದು ಕಡೆ ತಿರುಗಿತು, ಹಿಮ್ಮಡಿ ಸೋಪಿನ ಮೇಲೆ ಇಟ್ಟ ಹಾಗೆ ಇನ್ನೊಂದು ಕಡೆ ಹೋಯಿತು, ಮಂಡಿ ಇವೆರಡರ ನಡುವೆ ಸಿಕ್ಕಿಕೊಂಡಿತು. ಇಪ್ಪತ್ತು ಸಾವಿರ ಜನರ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಿಸಿರಲಾರದು. ಮಾಮನಿಗೆ ಕೇಳಿಸಿತು. ಒಣಗಿದ ಕಡ್ಡಿ, ಒಂದೇ ಸಲ.

ಸ್ಟ್ರೆಚರ್ ಆಚೆ ಹೋಗುತ್ತಿದ್ದಾಗ ಮಗ ಈಚೆಯಿಂದ ಒಳಗೆ ಓಡಿದ. ಆವತ್ತು ಅವನು ಆಡಿದ ಆಟವನ್ನು ತೆಗಳುವ ಹಾಗಿರಲಿಲ್ಲ. ಕೊನೆಯ ನಿಮಿಷದಲ್ಲಿ ಮೂಲೆಗೆ ಹೋಗುತ್ತಿದ್ದ ಚೆಂಡನ್ನು ಬೆರಳ ತುದಿಯಿಂದ ಹೊರಗೆ ತಳ್ಳಿದ, ತಂಡ ಒಂದು ಗೋಲಿನಿಂದ ಗೆದ್ದಿತು. ಎಲ್ಲರೂ ಅವನ ಮೇಲೆ ಬಿದ್ದು ತಲೆಗೆ ನೀರು ಸುರಿದರು. ಮೈದಾನದ ಸಾಮಾನು ಎತ್ತಿ ಮುಗಿಸಿದ್ದೇ ಮಾಮ ಅಳುತ್ತ ಕಿಟ್ ರೂಮಿಗೆ ಓಡಿದ. ಆಸ್ಪತ್ರೆಗೆ ಹೋಗುವ ಮುಂಚೆ ಕಂಬನ ಕಾಲಿನಿಂದ ಬಿಚ್ಚಿದ ಬೂಟು ಅಲ್ಲಿಗೆ ಬಂದಿರುತ್ತದೆ, ಯಾರಾದರೂ ನೋಡುವ ಮೊದಲು ಆ ಎರಡನ್ನು ಬದಲಾಯಿಸಬೇಕು.

ಮಗ ಆಗಲೇ ಅಲ್ಲಿದ್ದ. ಒದ್ದೆ ಜೆರ್ಸಿಯಲ್ಲೇ ಸ್ಟೂಲಿನ ಮೇಲೆ ಕೂತು ಎಡಗಾಲಿನ ಬೂಟನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡಿದ್ದ.

"ಬಾಗಿಲು ಹಾಕಪ್ಪ," ಎಂದ.

ಮಾಮ ಹಾಕಿದ.

"ಮೈದಾನಕ್ಕೆ ಇಳಿಯೋ ಸಿಮೆಂಟ್ ಓಣೀಲಿ ನಾನು ಅವನ ಹಿಂದೇನೇ ನಡೀತಿದ್ದೆ. ಎಡಗಾಲಿನ ಹಿಮ್ಮಡಿ ಸದ್ದು ಬೇರೆ ಇತ್ತು. ಚಿಕ್ಕ ಸ್ಟಡ್ ಸದ್ದು. ಹುಟ್ಟಿದಾಗಿಂದ ಕೇಳಿದ್ದೀನಲ್ಲ."

ಮಾಮ ಬೂಟಿಗೆ ಕೈ ಚಾಚಿದ. "ಕೇಳಿಸಿದ್ರೆ ಹೇಳಬಹುದಿತ್ತಲ್ಲೋ."

"ಹೇಳಬಹುದಿತ್ತು."

ಆಮೇಲೆ ಮಗ ತಾನೇ ಸ್ಪ್ಯಾನರ್ ತೆಗೆದುಕೊಂಡು ಆ ಎರಡನ್ನು ಬಿಚ್ಚಿದ, ಉದ್ದದ್ದನ್ನು ಹಾಕಿದ. "ಅಮ್ಮಂಗೆ ಫೋನ್ ಮಾಡು. ಕಾಯ್ತಿರ್ತಾಳೆ," ಎಂದು ಹೊರಗೆ ಹೋದ.

ಟೀವಿಯಲ್ಲಿ ಕಂಬ ಜಾರಿದ್ದನ್ನು ಮೂರು ದಿನ ಹಿಂದೆ ಮುಂದೆ ಓಡಿಸಿ ತೋರಿಸಿದರು. ಯಾರ ತಲೆಗಾದರೂ ಕಟ್ಟಬೇಕಿತ್ತು. ಗೋಲಿನ ಮುಂದಿನ ನೀರು ಬಸಿದುಹೋಗುವ ಹಾಗೆ ನೋಡಿಕೊಂಡಿಲ್ಲವೆಂದು ಆಡಳಿತದವರು ಹುಲ್ಲಣ್ಣನನ್ನು ಕೆಲಸದಿಂದ ತೆಗೆದರು. ಅವನು ಬೂಟು ಬಿಚ್ಚಿ ಬಾಗಿಲಲ್ಲಿಟ್ಟು ಬರಿಗಾಲಲ್ಲಿ ಕಿಟ್ ರೂಮಿಗೆ ಬಂದ. ಎಷ್ಟು ಸಿಟ್ಟಿದ್ದರೂ ಮಾಮನ ನೆಲ ಕೊಳೆ ಮಾಡಬಾರದೆಂಬ ಹಳೆಯ ಮರ್ಯಾದೆ.

"ಎರಡು ದಿನ ಸುರಿದ ಮಳೆಗೆ ನಾನೇನು ಕೊಡೆ ಹಿಡೀಲಾ? ನೀನು ಬೆರಳಿಟ್ಟು ನೋಡಿದ್ದೆಯಲ್ಲೋ. ಉದ್ದದ್ದು ಹಾಕಿದ್ರೆ ನಿಲ್ಲೋ ನೆಲಾನೇ ಅಲ್ವಾ ಅದು? ನಿನ್ನ ಮಾತಿಗೆ ಬೆಲೆ ಇದೆ. ಮೇಲಿನೋರಿಗೆ ಒಂದು ಮಾತು ಹೇಳು."

ಮಾಮ ಮಡಿಸಿದ ಜೆರ್ಸಿಯನ್ನು ಬಿಚ್ಚಿ ಮತ್ತೆ ಮಡಿಸಿದ.

"ಕೆಟ್ಟಿತ್ತು ಕಣೋ ನೆಲ," ಎಂದ. "ಏನು ಹಾಕಿದ್ರೂ ನಿಲ್ತಿರಲಿಲ್ಲ."

ಹುಲ್ಲಣ್ಣ ತಿರುಗಿ ನಡೆದ. ಹೋಗುವಾಗ ಬೂಟು ಹಾಕಿಕೊಳ್ಳುವುದನ್ನೂ ಮರೆತ. ಅವು ಸಂಜೆಯ ತನಕ ಬಾಗಿಲಲ್ಲೇ ಇದ್ದವು, ಕಸ ಗುಡಿಸುವವಳು ಎತ್ತಿಕೊಂಡು ಹೋದಳು.

ಮಗನಿಗೆ ಇನ್ನು ಹನ್ನೊಂದು ಮ್ಯಾಚು ಉಳಿದಿತ್ತು. ಅವನು ತನ್ನ ಬೂಟನ್ನು ಅಪ್ಪನ ಕೈಗೆ ಕೊಡಲಿಲ್ಲ. ಎಲ್ಲರ ಎದುರಿಗೇ ಮೂಲೆಯಲ್ಲಿ ಕೂತು ತಾನೇ ಸ್ಟಡ್ ತಿರುಗಿಸಿಕೊಳ್ಳುತ್ತಿದ್ದ. "ಅಪ್ಪನ್ನೇ ನಂಬಲ್ಲ ನೋಡ್ರಪ್ಪಾ ಇವನು," ಎಂದು ಯಾರೋ ತಮಾಷೆ ಮಾಡಿದರೆ ಮಾಮನೇ ಮೊದಲು ನಗುತ್ತಿದ್ದ. ತಿರುಗಿಸಿದ ಮೇಲೂ ಮಗನಿಗೆ ಸಮಾಧಾನವಿಲ್ಲ. ಮೈದಾನದಲ್ಲಿ ನಿಂತು ಚೆಂಡು ನೋಡಬೇಕಾದವನು ಮತ್ತೆ ಮತ್ತೆ ತನ್ನ ಎಡ ಹಿಮ್ಮಡಿ ನೋಡಿಕೊಳ್ಳುತ್ತಿದ್ದ. ಎರಡನೆಯ ಮ್ಯಾಚಿನಲ್ಲಿ ಮೂರು ಗೋಲು ಬಿದ್ದವು. ನಾಲ್ಕನೆಯದರಲ್ಲಿ ಐದು. ಜನ ಅವನ ಹೆಸರು ಕಲಿತುಕೊಂಡರು, ನಿಜವಾದದ್ದನ್ನಲ್ಲ. ಅವನು ಸುಲಭದ ಚೆಂಡೊಂದನ್ನು ಹಿಡಿದರೆ, ಆಗತಾನೆ ನಡೆಯಲು ಕಲಿತ ಮಗುವಿಗೆ ತಟ್ಟುವ ಹಾಗೆ ಇಡೀ ಸ್ಟೇಡಿಯಂ ನಿಧಾನವಾಗಿ ಚಪ್ಪಾಳೆ ತಟ್ಟುತ್ತಿತ್ತು. ಬಿಟ್ಟರೆ, "ಬೆಂಚು ಖಾಲಿ ಇದೆ, ಬಾರೋ ಬೆಂಚು," ಎಂದು ಹಾಡುತ್ತಿತ್ತು. ಹಾಡಿಗೆ ಒಳ್ಳೆಯ ಲಯವೇ ಇತ್ತು. ಮಾಮನ ಕಿವಿಯಲ್ಲಿ ಅದು ಮಷೀನಿನ ಸದ್ದಿಗೂ ಸೇರಿಕೊಂಡು ವಾರವೆಲ್ಲ ಸುತ್ತುತ್ತಿತ್ತು.

ಕೋಚಿಗೆ ಬೇರೆ ಗತಿಯಿರಲಿಲ್ಲ, ಮೂರನೇ ಗೋಲ್‌ಕೀಪರಿಗೆ ಇನ್ನೂ ಹದಿನೇಳು ವರ್ಷ. "ನಿಮ್ಮ ಮಗ ಒಂದು ಮ್ಯಾಚ್ ಆಡಲಿ ಅಂತ ಬೇಡ್ಕೊಂಡಿದ್ರಲ್ಲ ಮಾಮ," ಎಂದ ಒಂದು ದಿನ. "ದೇವರು ಸ್ವಲ್ಪ ಜಾಸ್ತಿನೇ ಬಡಿಸಿಬಿಟ್ಟ."

ಕೊನೆಯ ಮ್ಯಾಚಿಗೆ ಹೋಗುವಾಗ ತಂಡ ಹದಿನೈದನೆಯ ಜಾಗದಲ್ಲಿತ್ತು. ಕೆಳಗಿನ ಮೂರು ತಂಡಗಳು ಎರಡನೇ ದರ್ಜೆಗೆ ಇಳಿಯುತ್ತವೆ. ಸಮ ಮಾಡಿಕೊಂಡರೂ ಸಾಕು, ಉಳಿಯುತ್ತಿದ್ದರು. ಎಂಬತ್ತೆಂಟನೆಯ ನಿಮಿಷದ ತನಕ ಸೊನ್ನೆ ಸೊನ್ನೆ. ಆಗ ದೂರದಿಂದ ಯಾರೋ ಕೈಚೆಲ್ಲಿದವನ ಹಾಗೆ ಒದ್ದ ಚೆಂಡು ಪುಟ ನೆಗೆಯುತ್ತ, ಅವಸರವಿಲ್ಲದೆ, ಮಗನ ಕಡೆ ಬಂತು. ಮಗ ಬಗ್ಗುವ ಮುಂಚೆ ಒಮ್ಮೆ ಹಿಮ್ಮಡಿ ನೋಡಿಕೊಂಡ. ಅಷ್ಟು ಸಾಕಾಯಿತು. ಚೆಂಡು ಅವನ ಕಾಲಿನ ನಡುವೆ ತೂರಿ, ಬಲೆಯ ತನಕವೂ ಹೋಗದೆ, ಗೆರೆ ದಾಟಿ ನಿಂತಿತು.

ಮನೆಗೆ ಬಂದಾಗ ಹೆಂಡತಿ ಟೀವಿ ಆರಿಸಿರಲಿಲ್ಲ. "ಪಾಪ, ಎಷ್ಟು ಹೊತ್ತು ಅವನ ಮುಖಾನೇ ತೋರಿಸಿದ್ರು ರೀ," ಎಂದಳು. "ಅಷ್ಟು ಹತ್ತಿರದಿಂದ ಯಾವತ್ತೂ ತೋರಿಸಿರಲಿಲ್ಲ."

ಆದರೂ ಹನ್ನೆರಡು ಮ್ಯಾಚು ಆಡಿದವನು ಹನ್ನೆರಡು ಮ್ಯಾಚು ಆಡಿದವನೇ. ಮೊದಲ ದರ್ಜೆಯ ಇನ್ನೊಂದು ತಂಡ ಅವನನ್ನು ತೆಗೆದುಕೊಂಡಿತು, ಎರಡನೇ ಗೋಲ್‌ಕೀಪರ್ ಎಂದು. ಹೊರಡುವ ದಿನ ಅಮ್ಮನನ್ನು ತಬ್ಬಿಕೊಂಡ, ಅಪ್ಪನಿಗೆ, "ಹೋಗ್ಬರ್ತೀನಿ," ಎಂದ. ಚೀಲದ ಒಂದು ಹಿಡಿ ಹಿಡಿಯಲು ಮಾಮ ಕೈ ಚಾಚಿದ. "ಬಿಡಪ್ಪ, ಭಾರ ಇಲ್ಲ," ಎಂದು ಎತ್ತಿಕೊಂಡು ನಡೆದ.

ಕಂಬನ ಮಂಡಿಗೆ ಎರಡು ಸಲ ಆಪರೇಷನ್ ಆಯಿತು. ಇನ್ನು ನಡೆಯಬಹುದು, ಆಡುವ ಮಾತಿಲ್ಲ ಎಂದರು. ಕ್ಲಬ್ಬಿನವರು ಒಂಬತ್ತು ವರ್ಷದ ಋಣವೆಂದು ಅವನಿಗೊಂದು ಕೆಲಸ ಕೊಟ್ಟರು. ಎರಡನೇ ದರ್ಜೆಯ ಸೀಸನ್ ಶುರುವಾಗುವ ಸೋಮವಾರ, ಕೋಲೂರಿಕೊಂಡು ಕಿಟ್ ರೂಮಿಗೆ ಬಂದವನು ಅವನೇ.

"ನಿಮ್ಮ ಕೈ ಕೆಳಗೆ ಹಾಕಿದ್ದಾರೆ ಮಾಮ. ಕೆಲಸ ಕಲಿಸಿ."

ಮಾಮ ಕಲಿಸಿದ. ಯಾವ ಬಟ್ಟೆಗೆ ಎಷ್ಟು ಬಿಸಿ ನೀರು, ಸಾಕ್ಸನ್ನು ಹೇಗೆ ಜೋಡಿಸಬೇಕು, ಹುಲ್ಲಿನ ಕಲೆಗೆ ಏನು ಹಚ್ಚಬೇಕು. ಕಂಬ ಶ್ರದ್ಧೆಯ ವಿದ್ಯಾರ್ಥಿ, ಎಲ್ಲವನ್ನೂ ಎರಡೆರಡು ಸಲ ಕೇಳುತ್ತಿದ್ದ. ಬೆರಳಿಟ್ಟು ನೆಲ ನೋಡುವ ಪಾಠಕ್ಕೆ ಮಾತ್ರ ಅವನಿಗೆ ಮಂಡಿಯೂರಲು ಆಗಲಿಲ್ಲ. ಕೋಲಿನ ಮೇಲೆ ಭಾರ ಬಿಟ್ಟು ನಿಂತುಕೊಂಡು, ಕೆಳಗೆ ಕೂತ ಮಾಮನ ಬೆರಳನ್ನೇ ನೋಡಿದ. ಮೂರನೆಯ ವಾರ, ಸ್ಟಡ್ಡಿನ ಡಬ್ಬಿಗಳನ್ನು ತೆರೆದುಕೊಂಡು ಇಬ್ಬರೂ ಎದುರುಬದುರು ಕೂತಿದ್ದಾಗ ಕೇಳಿದ:

"ಅವತ್ತು ಬೆರಳು ಎಲ್ಲೀತನಕ ಇಳಿದಿತ್ತು ಮಾಮ?"

"ಯಾವತ್ತು?"

"ನಾನು ಬಿದ್ದ ದಿನ."

"ಗೆಣ್ಣಿನ ತನಕ."

"ಹಾಗಾದ್ರೆ ಉದ್ದದ್ದು."

"ಹೂಂ."

"ಹನ್ನೆರಡೂ."

ಮಾಮ ಸ್ಪ್ಯಾನರನ್ನು ಹುಡುಕುವವನ ಹಾಗೆ ಮೇಜು ತಡಕಿದ. ಅದು ಅವನ ಕೈಯಲ್ಲೇ ಇತ್ತು.

"ಬೆಂಚು ನನ್ನ ನೋಡೋಕೆ ಬಂದಿದ್ದ," ಎಂದ ಕಂಬ, ಹವಾಮಾನದ ಮಾತಾಡುವ ದನಿಯಲ್ಲಿ. "ಹೊರಡೋ ಹಿಂದಿನ ದಿನ. ಎಲ್ಲಾ ಹೇಳ್ದ. ಬೂಟು ನೋಡಿದ ಮೇಲೆ ಗೊತ್ತಾಯ್ತು, ಅಪ್ಪ ಹೀಗೆ ಮಾಡ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ ಅಂದ. ನನ್ನ ಕಾಲು ಹಿಡ್ಕೊಂಡು ಅತ್ತ. ಈ ಕಾಲೇ."

ಮಾಮನ ಎದೆಯಲ್ಲಿ ಏನೋ ನಿಧಾನವಾಗಿ ಕುಸಿಯಿತು. ಹೇಳಿದ್ದಕ್ಕಲ್ಲ. ಹೇಳಿದ್ದರಲ್ಲಿ ಒಂದು ಕಡಿಮೆಯಿತ್ತು, ಅದಕ್ಕೆ.

"ಪೊಲೀಸರ ಹತ್ರ ಹೋಗು," ಎಂದ ಕೊನೆಗೆ. "ಇಲ್ಲಾ ಮೇಲಿನೋರಿಗೆ ಹೇಳು. ನಾನು ಇಲ್ಲ ಅನ್ನಲ್ಲ."

"ಹೇಳಿದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ. ನಾಲ್ಕು ದಿನ ಬೈತಾರೆ, ಆಮೇಲೆ ಮರೀತಾರೆ, ನೀವು ಮನೇಲಿ ಕೂತು ದೇವರ ನಾಮ ಹೇಳ್ಕೊಂಡಿರ್ತೀರ." ಕಂಬ ತಲೆಯಾಡಿಸಿದ. "ನನಗೆ ಟಿಕೆಟ್ ಕೌಂಟರಲ್ಲಿ ಕೂರೋ ಕೆಲಸ ಕೊಡ್ತೀವಿ ಅಂದಿದ್ರು. ಬೇಡ, ಕಿಟ್ ರೂಮೇ ಬೇಕು ಅಂತ ನಾನೇ ಕೇಳ್ಕೊಂಡೆ. ನಿಮಗೆ ರಿಟೈರ್ ಆಗೋಕೆ ಇನ್ನೂ ಎಷ್ಟು ವರ್ಷ ಇದೆ?"

"ಏಳು."

"ಏಳು ವರ್ಷ ದಿನಾ ಬರ್ತೀನಿ. ಏನೂ ಮಾಡಲ್ಲ, ಯಾರಿಗೂ ಹೇಳಲ್ಲ. ಇಲ್ಲೇ ಇರ್ತೀನಿ ಅಷ್ಟೇ."

ಮಷೀನು ತಿರುಗುವುದು ನಿಂತಿತು. ಹೊರಗೆ ಹೊಸ ಗೋಲ್‌ಕೀಪರ್ ಯಾರನ್ನೋ ಕೂಗುತ್ತಿದ್ದ.

"ಒಂದೇ ಒಂದು ಕೇಳ್ತೀನಿ," ಎಂದ ಕಂಬ. ಈಗ ಮಾತ್ರ ಅವನ ದನಿ ಸ್ವಲ್ಪ ಅಲುಗಿತು. "ಮ್ಯಾಚಿಗೆ ಮುಂಚೆ ಅವನಿಗೆ ಗೊತ್ತಿತ್ತಾ? ನನ್ನ ಹಿಂದೇನೇ ಬರ್ತಿದ್ದ. ಒಂದು ಮಾತು ಹೇಳಿದ್ರೆ ಸಾಕಿತ್ತು. ಗೊತ್ತಿತ್ತಾ?"

ಮಾಮನಿಗೆ ನಾಲಗೆಯ ತುದಿಗೆ ಬಂತು. ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಹೇಳಿದರೆ ಈ ಏಳು ವರ್ಷದಲ್ಲಿ ಇನ್ನೊಬ್ಬನಿಗೂ ಪಾಲು ಸಿಗುತ್ತದೆ. ಗೋಲ್‌ಕೀಪರುಗಳ ಲೋಕ ಚಿಕ್ಕದು, ಕಂಬನ ಒಂದು ಫೋನು ಸಾಕು, ಮಗನ ಪಾಲಿಗೆ ಯಾವ ತಂಡದ ಬೆಂಚೂ ಉಳಿಯುವುದಿಲ್ಲ. ಮಗ ಬೂಟನ್ನು ಮಗುಚಿಕೊಂಡು ಕೂತದ್ದು ಕಣ್ಣ ಮುಂದೆ ಬಂತು, ಕಂಬನ ಕಾಲು ಹಿಡಿದು ಅತ್ತದ್ದೂ ಬಂತು, ನೋಡದಿದ್ದರೂ.

"ಇಲ್ಲ," ಎಂದ. "ಅವನಿಗೇನೂ ಗೊತ್ತಿರಲಿಲ್ಲ."

ಕಂಬ ಅವನ ಮುಖವನ್ನು ಬಹಳ ಹೊತ್ತು ನೋಡಿದ. ನಂಬಿದನೋ ಬಿಟ್ಟನೋ ತಿಳಿಯಲಿಲ್ಲ.

"ಸರಿ," ಎಂದು ಹೊಸ ಗೋಲ್‌ಕೀಪರನ ಬೂಟನ್ನು ತೆಗೆದು ಮಾಮನ ತೊಡೆಯ ಮೇಲಿಟ್ಟ. "ತೋರಿಸಿಕೊಡಿ. ಯಾವುದರಿಂದ ಶುರು ಮಾಡಬೇಕು?"

"ಮುಂದಿನದು ಮೊದಲು."

"ಹಿಂದಿನದು?"

"ಕೊನೇಲಿ."

"ನಿಧಾನಕ್ಕೆ ಮಾಡಿ, ನೋಡ್ತೀನಿ," ಎಂದು ಕಂಬ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರಕ್ಕೆ.